ಐದು ಚೀಟಿ, ಒಬ್ಬ ಅಮ್ಮ: ಕೀಮೋ ನಡುವೆ ಶುಗರ್, ಹಾರ್ಟ್, ಮಂಡಿನೋವು

ಪ್ರಶ್ನೆ: ನನ್ನ ಅಮ್ಮನಿಗೆ 61 ವರ್ಷ. ನಾವು ಚಿತ್ರದುರ್ಗದ ಕಡೆಯವರು. ಎಡ ಸ್ತನದಲ್ಲಿ 1.8 ಸೆಂ.ಮೀ. ಗಂಟು ಇತ್ತು. ಬೆಂಗಳೂರಿನಲ್ಲಿ ಗಂಟಷ್ಟನ್ನೇ ತೆಗೆದು ಆಪರೇಷನ್ ಆಯಿತು. ಕಂಕುಳಿನಿಂದ ಎರಡು ಗ್ರಂಥಿ ಮಾತ್ರ ತೆಗೆದು ನೋಡಿದರು, ಹರಡಿಲ್ಲ. ಹಾರ್ಮೋನ್ ಪಾಸಿಟಿವ್, ಹರ್-2 ಪಾಸಿಟಿವ್ ಅಂತ ರಿಪೋರ್ಟು. ವಾರಕ್ಕೊಂದು ಪ್ಯಾಕ್ಲಿಟಾಕ್ಸೆಲ್ ಅನ್ನುವ ಕೀಮೋ, ಜೊತೆಗೆ ಹರ್-2ಗೆ ಅಂತ ಕೊಡುವ ಟ್ರಾಸ್ಟುಜುಮ್ಯಾಬ್ ಶುರುವಾಗಿದೆ, 12ರಲ್ಲಿ 2 ಮುಗಿದಿವೆ. ಅಮ್ಮನಿಗೆ 12 ವರ್ಷದಿಂದ ಶುಗರ್, ಬಿಪಿ, ಥೈರಾಯ್ಡ್ ಇದೆ. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಮಂಡಿನೋವಿಗೆ ಮೂಳೆ ಡಾಕ್ಟರ ಮಾತ್ರೆಯೂ ಇದೆ. ಕೀಮೋ ಆದ ಮೇಲೆ ಶುಗರ್ 380ಕ್ಕೆ ಹೋಯಿತು. ಊರಿನ ಶುಗರ್ ಡಾಕ್ಟರು "ಕಂಟ್ರೋಲಿಗೆ ಬರುವ ತನಕ ಕೀಮೋ ಬೇಡ" ಅಂದು ರಾತ್ರಿ ಇನ್ಸುಲಿನ್ ಜಾಸ್ತಿ ಮಾಡಿದ್ದಾರೆ. ಕ್ಯಾನ್ಸರ್ ಡಾಕ್ಟರು "ನಿಲ್ಲಿಸಬೇಡಿ" ಅನ್ನುತ್ತಾರೆ. ಯಾರ ಮಾತು ಕೇಳಬೇಕು? ಸೋದರಮಾವ ಅಮೃತಬಳ್ಳಿ ಕಷಾಯ ಕೊಡಿ ಅಂತಿದ್ದಾರೆ, ಕೊಡಬಹುದಾ? ಎಡಗೈಗೆ ಬಳೆ ಹಾಕಬೇಡಿ ಅಂತ ಯಾರೋ ಹೇಳಿದ್ದಕ್ಕೆ ಅಮ್ಮ ತುಂಬ ಬೇಜಾರು ಮಾಡಿಕೊಂಡಿದ್ದಾರೆ.

ಉತ್ತರ:

ಮೊದಲು ನಿಮ್ಮ ಮುಖ್ಯ ಪ್ರಶ್ನೆ. ಕೀಮೋ ನಿಲ್ಲಿಸಬೇಡಿ. ಶುಗರ್ ಕಂಟ್ರೋಲಿಗೆ ಬಂದ ಮೇಲೆ ಕೀಮೋ ಅಂತ ಕೂತರೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಶುಗರ್ ಏರಿಸುತ್ತಿರುವುದೇ ಕೀಮೋ ದಿನ ಕೊಡುವ ಒಂದು ಇಂಜೆಕ್ಷನ್. ಅದು ಡೆಕ್ಸಾಮೆಥಸೋನ್ ಅನ್ನುವ ಸ್ಟೀರಾಯ್ಡ್. ಪ್ಯಾಕ್ಲಿಟಾಕ್ಸೆಲ್ ಕೆಲವರಿಗೆ ಜೋರು ಅಲರ್ಜಿ ಮಾಡುತ್ತದೆ, ಅದನ್ನು ತಡೆಯಲು ಮುಂಚಿತವಾಗಿ ಇದನ್ನು ಕೊಡುತ್ತಾರೆ. ನಿಮ್ಮ ಶುಗರ್ ಡಾಕ್ಟರ ಮುಂದೆ ಇದ್ದದ್ದು 380 ಅನ್ನುವ ಒಂದು ನಂಬರ್ ಮಾತ್ರ. ಅದರ ಹಿಂದಿನ ದಿನ ಸ್ಟೀರಾಯ್ಡ್ ಹೋಗಿದೆ ಅಂತ ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಅವರಿಗೆ ಗೊತ್ತಿದ್ದಷ್ಟಕ್ಕೆ ಅವರು ಹೇಳಿದ್ದು ಸರಿಯೇ. ಇಬ್ಬರು ಡಾಕ್ಟರ ನಡುವೆ ಜಗಳವೇನೂ ಇಲ್ಲ, ಒಬ್ಬರ ಚೀಟಿ ಇನ್ನೊಬ್ಬರು ನೋಡಿಲ್ಲ ಅಷ್ಟೇ.

ಸ್ಟೀರಾಯ್ಡಿನ ಶುಗರ್‌ಗೆ ಒಂದು ವಿಚಿತ್ರ ಗುಣ ಇದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದರೆ ಹೆಚ್ಚುಕಡಿಮೆ ಸರಿಯಾಗೇ ಕಾಣುತ್ತದೆ. ಏರುವುದು ಮಧ್ಯಾಹ್ನ ಊಟದ ಮೇಲೆ, ಸಂಜೆ, ರಾತ್ರಿ ಮಲಗುವ ತನಕ. ಕೀಮೋ ದಿನ ಮತ್ತು ಮರುದಿನ ಈ ಆಟ ಜೋರು, ಆಮೇಲೆ ತಾನಾಗೇ ಇಳಿಯುತ್ತಾ ಬರುತ್ತದೆ. ಈಗ ರಾತ್ರಿ ಇನ್ಸುಲಿನ್ ಜಾಸ್ತಿ ಮಾಡಿದರೆ ಏನಾಗುತ್ತದೆ ಯೋಚಿಸಿ. ಏರಿದ್ದ ಹೊತ್ತು ಕಳೆದುಹೋಗಿರುತ್ತದೆ. ಬೆಳಗಿನ ಜಾವ, ಅದೂ ಸ್ಟೀರಾಯ್ಡ್ ಇಲ್ಲದ ದಿನಗಳಲ್ಲಿ, ಶುಗರ್ ಲೋ ಆಗಿ ಅಮ್ಮ ಬೆವರಿ ಎದ್ದು ಕೂರುತ್ತಾರೆ. ಆದ್ದರಿಂದ ಶುಗರ್ ಡಾಕ್ಟರಿಗೆ ಹೀಗೆ ಕೇಳಿ: "ವಾರಕ್ಕೆ ಎರಡು ದಿನ ಮಾತ್ರ, ಮಧ್ಯಾಹ್ನದ ಮೇಲೆ ಏರುತ್ತದೆ, ಆ ಎರಡು ದಿನಕ್ಕೆ ಬೇರೆ ಡೋಸ್ ಬರೆದುಕೊಡ್ತೀರಾ?" ಬೆಳಿಗ್ಗೆ ಹಾಕಿದರೆ ಮಧ್ಯಾಹ್ನ ಜೋರಾಗಿ ಕೆಲಸ ಮಾಡುವ ಎನ್‌ಪಿಎಚ್ ಅನ್ನುವ ಇನ್ಸುಲಿನ್ ಇದೆ, ಎಷ್ಟೋ ಜನಕ್ಕೆ ಅದು ಸರಿಹೋಗುತ್ತದೆ. ಆದರೆ ಯಾವುದು, ಎಷ್ಟು ಅನ್ನುವುದು ಅವರ ತೀರ್ಮಾನ. ನಿಮ್ಮ ಕೆಲಸ ಅವರ ಕೈಗೆ ಸರಿಯಾದ ನಂಬರ್ ಕೊಡುವುದು. ಕೀಮೋ ದಿನ ಮತ್ತು ಮರುದಿನ ನಾಲ್ಕು ಸಲ ಚುಚ್ಚಿ ನೋಡಿ, ಗಂಟೆ ಸಮೇತ ಬರೆಯಿರಿ. ಉಳಿದ ದಿನ ಎರಡು ಸಲ ಸಾಕು.

ಕ್ಯಾನ್ಸರ್ ಡಾಕ್ಟರಿಗೂ ಒಂದು ಪ್ರಶ್ನೆ ಕೇಳಿ. ಮೊದಲ ಎರಡು ಡೋಸಿನಲ್ಲಿ ಅಮ್ಮನಿಗೆ ಅಲರ್ಜಿ ಏನೂ ಆಗಿಲ್ಲ ಅಲ್ವಾ? ಹಾಗಿದ್ದರೆ ಮೂರನೆಯದರಿಂದ ಸ್ಟೀರಾಯ್ಡ್ ಇಳಿಸಬಹುದಾ, ನಿಲ್ಲಿಸಬಹುದಾ ಅಂತ. ವಾರವಾರದ ಪ್ಯಾಕ್ಲಿಟಾಕ್ಸೆಲ್‌ನಲ್ಲಿ ಹೀಗೆ ಮಾಡುವುದು ಹೊಸದಲ್ಲ. ಬಹಳ ಸಲ ಶುಗರ್ ಸಮಸ್ಯೆ ಅಲ್ಲಿಗೇ ಅರ್ಧ ಮುಗಿಯುತ್ತದೆ. ಡೇ ಕೇರ್ ವಾರ್ಡಿನಲ್ಲಿ ಎಲ್ಲರಿಗೂ ಒಂದೇ ಪಟ್ಟಿಯಂತೆ ಇಂಜೆಕ್ಷನ್ ಹೋಗುತ್ತಿರುತ್ತದೆ, ಯಾರಾದರೂ ಕೇಳಿದರೆ ಮಾತ್ರ ನಿಂತು ನೋಡುತ್ತಾರೆ. ಕೇಳುವುದು ಅವಮರ್ಯಾದೆ ಅಲ್ಲ.

ಕೀಮೋ ಮುಂದಕ್ಕೆ ಹಾಕಲೇಬೇಕಾದ ಸಂದರ್ಭವೂ ಇದೆ. ಬೆಳಿಗ್ಗೆಯೇ 350, 400 ಇದೆ, ಬಾಯಿ ಒಣಗುತ್ತಿದೆ, ವಾಂತಿ, ಹೊಟ್ಟೆನೋವು, ಮಂಕು ಅಂದರೆ ಮೊದಲು ಅದನ್ನು ನೋಡಬೇಕು. ಅದಕ್ಕೆ ಒಂದೆರಡು ದಿನ ಹೋದರೆ ಹೋಗಲಿ, ಒಂದೆರಡು ತಿಂಗಳಲ್ಲ. ಇನ್ನೊಂದು ಮಾತು, ಮೂರು ತಿಂಗಳ ಸರಾಸರಿ ಅಂತ ನೋಡುತ್ತಾರಲ್ಲ ಎಚ್‌ಬಿಎ1ಸಿ, ಕೀಮೋ ನಡುವೆ ಅದನ್ನು ಪೂರ್ತಿ ನಂಬಬೇಡಿ. ರಕ್ತ ಕಡಿಮೆಯಾದರೆ, ರಕ್ತ ಹಾಕಿಸಿದರೆ ಆ ನಂಬರ್ ದಾರಿ ತಪ್ಪಿಸುತ್ತದೆ. ಬೆರಳು ಚುಚ್ಚಿ ಬರೆದ ನಿಮ್ಮ ನೋಟ್‌ಬುಕ್ಕೇ ಈಗ ಗಟ್ಟಿ.

ಇನ್ನು ಊಟ ಸೇರದ ದಿನ. ಇದನ್ನು ಹೇಳುವಾಗ ನನ್ನ ಸೋದರತ್ತೆ ನೆನಪಾಗುತ್ತಾರೆ. ಅವರಿಗೂ ಇದೇ ಕಾಯಿಲೆ, ಇದೇ ಶುಗರ್. ಕೀಮೋ ಆದ ಮೂರನೇ ದಿನ ವಾಂತಿಯಿಂದ ಏನೂ ತಿಂದಿರಲಿಲ್ಲ, ಆದರೆ ಮಾತ್ರೆ ಬಿಡಬಾರದು ಅಂತ ಶ್ರದ್ಧೆಯಿಂದ ಶುಗರ್ ಇಳಿಸುವ ಗ್ಲಿಮಿಪಿರೈಡ್ ನುಂಗಿದ್ದರು. ಬೆಳಗಿನ ಜಾವ ಮೈಯೆಲ್ಲ ಬೆವರು, ತೊದಲು ಮಾತು. ಕೀಮೋ ಸುಸ್ತು ಅಂದುಕೊಂಡು ಎಲ್ಲರೂ ಕಾಲೊತ್ತುತ್ತಾ ಕೂತಿದ್ದರು. ಶುಗರ್ 41 ಇತ್ತು. ಕ್ಯಾನ್ಸರ್ ಡಾಕ್ಟರು ಅಂತ ನಾನೇ ಆ ಮನೆಯಲ್ಲಿದ್ದೆ, ಅವರ ಶುಗರ್ ಚೀಟಿಯನ್ನು ಒಂದು ಸಲವೂ ಬಿಚ್ಚಿ ನೋಡಿರಲಿಲ್ಲ. ಬೇರೆ ಯಾರನ್ನು ಬೈಯಲಿ?

ಆದ್ದರಿಂದ ಊಟ, ನೀರು ಹೊಟ್ಟೆಯಲ್ಲಿ ನಿಲ್ಲದ ದಿನ ಯಾವ ಮಾತ್ರೆ ಬಿಡಬೇಕು ಅಂತ ಶುಗರ್ ಡಾಕ್ಟರ ಹತ್ತಿರ ಮುಂಚೆಯೇ ಬರೆಸಿಟ್ಟುಕೊಳ್ಳಿ. ಸಾಮಾನ್ಯವಾಗಿ ಗ್ಲಿಮಿಪಿರೈಡ್ ಬೇಡ ಅನ್ನುತ್ತಾರೆ. ಹೆಸರಿನ ಕೊನೆಗೆ "ಗ್ಲಿಫ್ಲೋಜಿನ್" ಅಂತ ಬರುವ ಮಾತ್ರೆಗಳೂ, ಅಂದರೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಬೇಡ. ಇವುಗಳ ತೊಂದರೆ ಲೋ ಆಗುವುದಲ್ಲ. ಹೊಟ್ಟೆ ಖಾಲಿ ಇದ್ದಾಗ ಶುಗರ್ ಅಷ್ಟೇನೂ ಏರದಿದ್ದರೂ ರಕ್ತದಲ್ಲಿ ಆಮ್ಲ ಸೇರಿಕೊಂಡು ಐಸಿಯುಗೆ ಹೋಗುವ ಹಾಗೆ ಮಾಡಬಲ್ಲವು. ಟೆಲ್ಮಿಸಾರ್ಟಾನ್ ತರಹದ ಬಿಪಿ ಮಾತ್ರೆಯನ್ನೂ ಕೇಳಿ, ನೀರಿಲ್ಲದ ಮೈಗೆ ಅದು ಕಿಡ್ನಿಗೆ ಹೊಡೆತ. ಆದರೆ ಇನ್ಸುಲಿನ್ ಪೂರ್ತಿ ನಿಲ್ಲಿಸುವುದು, ಹಾರ್ಟಿನ ಮಾತ್ರೆ ಬಿಡುವುದು ನೀವಾಗೇ ಮಾಡಬೇಡಿ, ಫೋನ್ ಮಾಡಿ ಕೇಳಿ.

ಚೀಟಿಗಳ ವಿಷಯ ಬಂತಲ್ಲ, ಈ ವಾರವೇ ಒಂದು ಕೆಲಸ ಮಾಡಿ. ಮನೆಯಲ್ಲಿರುವ ಎಲ್ಲ ಮಾತ್ರೆಯನ್ನೂ ಒಂದು ಚಾಪೆಯ ಮೇಲೆ ಹಾಕಿ. ದೊಡ್ಡಕ್ಷರದ ಕಂಪನಿ ಹೆಸರು ಬಿಡಿ, ಅದರ ಕೆಳಗೆ ಸಣ್ಣಕ್ಷರದಲ್ಲಿ ಒಳಗಿನ ಔಷಧಿಯ ಹೆಸರಿರುತ್ತದೆ, ಅದನ್ನು ಬರೆಯಿರಿ. ಒಬ್ಬ ಡಾಕ್ಟರು ಶುಗರ್‌ಗೆ ಮೆಟ್‌ಫಾರ್ಮಿನ್ ಬರೆದಿರುತ್ತಾರೆ, ಇನ್ನೊಬ್ಬರು ಮೆಟ್‌ಫಾರ್ಮಿನ್ ಸೇರಿರುವ ಜೋಡಿ ಮಾತ್ರೆ ಬರೆದಿರುತ್ತಾರೆ. ಪ್ಯಾಕೆಟ್ ಬಣ್ಣ ಬೇರೆ, ಹೆಸರು ಬೇರೆ, ಅಮ್ಮ ಎರಡೂ ನುಂಗುತ್ತಿರುತ್ತಾರೆ. ನಾನು ಓಪಿಡಿಯಲ್ಲಿ ಇಂಥದ್ದನ್ನು ಎಷ್ಟು ಸಲ ಹಿಡಿದಿದ್ದೇನೋ ಲೆಕ್ಕವಿಲ್ಲ.

ಈಗ ನೀವು ಕೇಳದೇ ಇದ್ದ, ಆದರೆ ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಜಾಸ್ತಿ ಚುಚ್ಚಿದ ವಿಷಯ. ಅಮ್ಮನ ಕಾಲು.

ಪ್ಯಾಕ್ಲಿಟಾಕ್ಸೆಲ್ ನರಗಳಿಗೆ ತೊಂದರೆ ಕೊಡುತ್ತದೆ. ಬೆರಳ ತುದಿ, ಪಾದ ಜೋಮು ಹಿಡಿದ ಹಾಗೆ, ಇರುವೆ ಹರಿದ ಹಾಗೆ ಆಗುತ್ತದೆ. 12 ವರ್ಷದ ಶುಗರ್ ಕೂಡ ಅದನ್ನೇ ಮಾಡಿರುತ್ತದೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಇಳಿಯುತ್ತದೆ, ಸಸ್ಯಾಹಾರಿಗಳಾದರೆ ಇನ್ನೂ ಬೇಗ, ಅದರಿಂದಲೂ ಜೋಮು. ಥೈರಾಯ್ಡ್ ಸರಿಯಿಲ್ಲದಿದ್ದರೂ ಜೋಮು. ಇಷ್ಟು ಸಾಲದು ಅಂತ ಸ್ಟೆಂಟಿನ ಚೀಟಿಯಲ್ಲಿ ಒಂದು ಮಾತ್ರೆ ಇರಬಹುದು, ಕ್ಲೊಪಿಡೋಗ್ರೆಲ್. ರಕ್ತ ಹೆಪ್ಪುಗಟ್ಟದಿರಲು ಕೊಡುವುದು. ಲಿವರ್‌ನಲ್ಲಿ ಪ್ಯಾಕ್ಲಿಟಾಕ್ಸೆಲ್ ಕರಗಿಸುವ ಕೆಲಸವನ್ನು ಇದು ನಿಧಾನ ಮಾಡುತ್ತದೆ. ಅಂದರೆ ಕೊಟ್ಟ ಡೋಸ್ ಅಷ್ಟೇ ಇದ್ದರೂ ಮೈಯಲ್ಲಿ ಔಷಧಿ ಜಾಸ್ತಿ ಹೊತ್ತು ಉಳಿಯುತ್ತದೆ, ನರದ ತೊಂದರೆ ಹೆಚ್ಚಬಹುದು. ಹಾರ್ಟ್ ಡಾಕ್ಟರ ಚೀಟಿ ಒಂದು ಫೈಲಿನಲ್ಲಿ, ಕೀಮೋ ಚೀಟಿ ಇನ್ನೊಂದರಲ್ಲಿ ಇದ್ದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ದಯವಿಟ್ಟು ಇದನ್ನು ಓದಿ ಆ ಮಾತ್ರೆ ನಿಲ್ಲಿಸಿಬಿಡಬೇಡಿ. ಸ್ಟೆಂಟ್ ಕಟ್ಟಿಕೊಂಡರೆ ಅದು ಕಾಲಿನ ಜೋಮಿನ ಮಾತಲ್ಲ, ಜೀವದ ಮಾತು. ಆದರೆ ಹಾರ್ಟ್ ಡಾಕ್ಟರನ್ನು ನೇರವಾಗಿ ಕೇಳಿ: "ಸ್ಟೆಂಟ್ ಹಾಕಿ ಎರಡು ವರ್ಷ ಆಯಿತು, ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್ ಎರಡೂ ಇನ್ನೂ ಬೇಕಾ? ಈಗ ಪ್ಯಾಕ್ಲಿಟಾಕ್ಸೆಲ್ ನಡೀತಿದೆ." ಎಷ್ಟೋ ಜನಕ್ಕೆ ಜೋಡಿ ಮಾತ್ರೆ ಬೇಕಾಗುವುದು ಸುಮಾರು ಆರು ತಿಂಗಳಿಂದ ಒಂದು ವರ್ಷ, ಆಮೇಲೆ ಒಂದೇ ಸಾಕಾಗುತ್ತದೆ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತರುತ್ತಾ ಹೋದವರು ಮಾತ್ರ ಎರಡನ್ನೂ ಮುಂದುವರಿಸಿರುತ್ತಾರೆ. ನಿಮ್ಮ ಅಮ್ಮನ ಸ್ಟೆಂಟ್ ಕಷ್ಟದ ಜಾಗದಲ್ಲಿದ್ದರೆ ಎರಡೂ ಬೇಕು ಅನ್ನಬಹುದು, ಆಗ ಕ್ಯಾನ್ಸರ್ ಡಾಕ್ಟರಿಗೆ ಅದು ಗೊತ್ತಿರಲಿ, ಅವರು ಜೋಮಿನ ಮೇಲೆ ಕಣ್ಣಿಟ್ಟು ಡೋಸ್ ಇಳಿಸುವುದೋ ಔಷಧಿ ಬದಲಿಸುವುದೋ ನೋಡುತ್ತಾರೆ.

ಮನೆಯಲ್ಲಿ ನೋಡುವುದು ಸುಲಭ. ಅಮ್ಮನಿಗೆ ರವಿಕೆಯ ಹುಕ್ಕು ಹಾಕಿಕೊಳ್ಳಲು ಆಗುತ್ತಿದೆಯಾ, ಹೂ ಕಟ್ಟಲು ಆಗುತ್ತಿದೆಯಾ, ಚಪ್ಪಲಿ ಕಾಲಿನಿಂದ ಜಾರಿದರೆ ಗೊತ್ತಾಗುತ್ತಿದೆಯಾ? ಇಲ್ಲ ಅಂದರೆ ಮುಂದಿನ ಕೀಮೋ ದಿನದ ತನಕ ಕಾಯದೆ ಹೇಳಿ. "ಅಯ್ಯೋ, ಸ್ವಲ್ಪ ಜೋಮು, ಅದಕ್ಕೆಲ್ಲ ಯಾಕೆ ಡಾಕ್ಟರಿಗೆ" ಅಂತ ಅಮ್ಮಂದಿರು ಮುಚ್ಚಿಡುತ್ತಾರೆ. 12 ಡೋಸ್ ಮುಗಿಸುವ ಹಟಕ್ಕಿಂತ ನಡೆದಾಡುವ ಕಾಲು ಮುಖ್ಯ. ಬಿ12 ಒಂದು ಸಲ ನೋಡಿಸಿ. ಬರಿಗಾಲಲ್ಲಿ ಅಂಗಳಕ್ಕೆ ಇಳಿಯುವುದು ಬೇಡ. ಜೋಮಿಗೆ ಅಂತ ಬಿಸಿನೀರಿನಲ್ಲಿ ಕಾಲಿಡುವುದಂತೂ ಬೇಡವೇ ಬೇಡ, ಬಿಸಿ ಗೊತ್ತಾಗದೆ ಬೊಬ್ಬೆ ಎದ್ದು ಬಂದವರನ್ನು ನೋಡಿದ್ದೇನೆ.

ಹಾರ್ಟಿನ ಕಡೆಗೆ. ನಿಮ್ಮ ಕ್ಯಾನ್ಸರ್ ಡಾಕ್ಟರು ಆಯ್ಕೆ ಮಾಡಿರುವ ಕೀಮೋ ನೋಡಿದರೆ ಅವರು ಅಮ್ಮನ ಹೃದಯವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಹಾಗಿದೆ. ಕೆಂಪು ಬಣ್ಣದ ಕೀಮೋ ಅಂತ ಜನ ಹೇಳುತ್ತಾರಲ್ಲ, ಡಾಕ್ಸೊರುಬಿಸಿನ್, ಅದು ಹೃದಯದ ಸ್ನಾಯುವಿಗೆ ಶಾಶ್ವತ ಹಾನಿ ಮಾಡಬಹುದು. ಗಂಟು ಚಿಕ್ಕದು, ಗ್ರಂಥಿ ಶುದ್ಧ, ಹಾಗಾಗಿ ಅದಿಲ್ಲದ ದಾರಿ ಹಿಡಿದಿದ್ದಾರೆ. ಒಳ್ಳೆಯದು. ಟ್ರಾಸ್ಟುಜುಮ್ಯಾಬ್ ಕೂಡ ಹೃದಯದ ಪಂಪು ಶಕ್ತಿ ಇಳಿಸಬಹುದು, ಆದರೆ ಔಷಧಿ ಸ್ವಲ್ಪ ದಿನ ನಿಲ್ಲಿಸಿ ಹಾರ್ಟಿನ ಮಾತ್ರೆ ಕೊಟ್ಟರೆ ಸಾಮಾನ್ಯವಾಗಿ ಮತ್ತೆ ಮೇಲೆ ಬರುತ್ತದೆ. ಇದು ಒಟ್ಟು ಒಂದು ವರ್ಷದ ಔಷಧಿ. ಮೂರು ತಿಂಗಳಿಗೊಮ್ಮೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಆಗಲೇಬೇಕು, ಕೀಮೋ ಮುಗಿದ ಮೇಲೂ. ರಿಪೋರ್ಟಿನಲ್ಲಿ ಪಂಪು ಶಕ್ತಿ ತೋರಿಸುವ ಇ.ಎಫ್. ಅಂತ ಒಂದು ನಂಬರ್ ಇರುತ್ತದೆ, ಅದನ್ನು ಪ್ರತಿ ಸಲ ನೋಟ್‌ಬುಕ್ಕಿನಲ್ಲಿ ಬರೆಯಿರಿ. 60 ಇದ್ದದ್ದು 48 ಆದರೆ ಎರಡು ಕಡೆಯ ಡಾಕ್ಟರಿಗೂ ತಿಳಿಯಬೇಕು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪನಿ ತನ್ನದೇ ಟ್ರಾಸ್ಟುಜುಮ್ಯಾಬನ್ನು ಕ್ಯಾನ್‌ಮ್ಯಾಬ್ ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಮೇಲೆ, ಆಮೇಲೆ ಬೇರೆ ಕಂಪನಿಗಳದ್ದೂ ಬಂದ ಮೇಲೆ, ಈ ಔಷಧಿ ಮೊದಲಿಗಿಂತ ಎಟುಕುವ ಹಾಗಾಗಿದೆ. ಆದರೂ ದುಬಾರಿಯೇ. "ಇಷ್ಟು ದುಡ್ಡು ಕೊಟ್ಟು ತಂದಿದ್ದು, ಎಕೋ ಆಮೇಲೆ ನೋಡೋಣ" ಅನ್ನುವುದು ಮಾತ್ರ ಬೇಡ.

ಮಲಗಿದರೆ ಉಸಿರು ಕಟ್ಟುವುದು, ಎರಡು ಮೂರು ದಿನದಲ್ಲಿ ಎರಡು ಕೆ.ಜಿ. ತೂಕ ಏರುವುದು, ಕಾಲು ಊದುವುದು ಕಂಡರೆ ತಡ ಮಾಡಬೇಡಿ. ಕಾಲು ಊತ ಬಿಪಿಯ ಆಮ್ಲೋಡಿಪಿನ್‌ನಿಂದಲೂ ಬರಬಹುದು. ಒಂದೇ ಕಾಲು ಊದಿದರೆ ರಕ್ತ ಹೆಪ್ಪುಗಟ್ಟಿರಬಹುದು. ಯಾವುದು ಅಂತ ನೀವು ಊಹಿಸುತ್ತಾ ಕೂರುವುದು ಬೇಡ, ತೋರಿಸಿ.

ಮಂಡಿನೋವಿನ ಮಾತ್ರೆ. ಅದು ಡೈಕ್ಲೋಫೆನಾಕ್, ಎಸಿಕ್ಲೋಫೆನಾಕ್ ಜಾತಿಯದಾದರೆ ಈಗ ನಿಲ್ಲಿಸಬೇಕಾಗಿ ಬರಬಹುದು, ಕ್ಯಾನ್ಸರ್ ಡಾಕ್ಟರಿಗೆ ಈ ವಾರವೇ ತೋರಿಸಿ. ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ, ಟೆಲ್ಮಿಸಾರ್ಟಾನ್ ಜೊತೆ ಸೇರಿದರೆ ಕಿಡ್ನಿಗೆ ಭಾರ. ಪ್ಯಾರಾಸಿಟಮಾಲ್ ಇದಕ್ಕಿಂತ ವಾಸಿ, ಆದರೆ ಅದಕ್ಕೂ ಒಂದು ಷರತ್ತಿದೆ. ನುಂಗುವ ಮೊದಲು ಜ್ವರ ನೋಡಿ. ಕೀಮೋ ನಡುವೆ 100.4 ಡಿಗ್ರಿ ಬಂದರೆ, ಅದು ರಾತ್ರಿ ಎರಡು ಗಂಟೆಯೇ ಆಗಿರಲಿ, ಆಸ್ಪತ್ರೆಗೆ ಹೋಗಿ. ಮಾತ್ರೆ ಕೊಟ್ಟು ಜ್ವರ ಮುಚ್ಚಿ ಬೆಳಗಾಗಲಿ ಅಂತ ಕಾಯುವುದು ಅಪಾಯ, ಶುಗರ್ ಇರುವವರಿಗೆ ಇನ್ನೂ ಅಪಾಯ. ಚಿತ್ರದುರ್ಗದಿಂದ ಬೆಂಗಳೂರಿಗೆ 200 ಕಿ.ಮೀ. ಇದೆ. ಅರ್ಧರಾತ್ರಿ ಅಲ್ಲಿಗೆ ಹೊರಡುವ ಬದಲು ಊರಿನ ಯಾವ ಆಸ್ಪತ್ರೆಗೆ ಹೋಗಬೇಕು ಅಂತ ಇವತ್ತೇ ತೀರ್ಮಾನಿಸಿ. ಅಲ್ಲಿ "ಕೀಮೋ ನಡೀತಿದೆ" ಅನ್ನುವುದೇ ನಿಮ್ಮ ಮೊದಲ ಮಾತಾಗಿರಲಿ.

ಥೈರಾಯ್ಡ್ ಸುಲಭ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ. ಎರಡನ್ನೂ ಒಟ್ಟಿಗೆ ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ, ಆಮೇಲೆ ಡೋಸ್ ಸಾಲದು ಅಂತ ಸುಮ್ನೆ ಏರಿಸುತ್ತಾ ಹೋಗುತ್ತಾರೆ.

ಅಮೃತಬಳ್ಳಿ ಬೇಡ. ನಿಮ್ಮ ಸೋದರಮಾವನ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೆ ಕೋವಿಡ್ ಕಾಲದಲ್ಲಿ ಇದನ್ನು ಕುಡಿದ ಕೆಲವರಿಗೆ ಲಿವರ್ ಕೆಟ್ಟಿದ್ದನ್ನು 2021ರಲ್ಲಿ ಮುಂಬೈನ ಡಾಕ್ಟರುಗಳು ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಸರಿಯಾದ ಬಳ್ಳಿ ಅಲ್ಲದಿರಬಹುದು ಅಂದಿತು. ಆ ವಾದ ಅಲ್ಲೇ ಇರಲಿ. ನಮ್ಮ ಕಷ್ಟ ಬೇರೆ. ಪ್ಯಾಕ್ಲಿಟಾಕ್ಸೆಲ್ ಹೊರಹೋಗುವುದು ಲಿವರ್ ಮೂಲಕ. ನಾಳೆ ಲಿವರ್ ಟೆಸ್ಟ್ ಏರಿದರೆ ಕಷಾಯದಿಂದಲೋ ಕೀಮೋದಿಂದಲೋ ಗೊತ್ತಾಗುವುದಿಲ್ಲ, ಕೀಮೋ ನಿಲ್ಲಿಸಬೇಕಾಗುತ್ತದೆ. ಲಕ್ಷ್ಮಣಫಲದ ಎಲೆ, ಮಲೆನಾಡಿನಿಂದ ಔಷಧಿ ಅಂತ ತಂದ ಮರದ ಚಕ್ಕೆ, ಅರಿಶಿನದ ಕ್ಯಾಪ್ಸೂಲ್, ಎಲ್ಲಕ್ಕೂ ಇದೇ ಉತ್ತರ. ಸಾರಿನ ಅರಿಶಿನ ಧಾರಾಳವಾಗಿ ಇರಲಿ. ಈಗಾಗಲೇ ಏನಾದರೂ ಕೊಟ್ಟಿದ್ದರೆ ಡಾಕ್ಟರಿಗೆ ಹೇಳಿಬಿಡಿ. ಬೈಸಿಕೊಂಡರೂ ಪರವಾಗಿಲ್ಲ. ಹಾಗೇ, ನೋಡಲು ಬಂದವರು ತರುವ ಗ್ಲೂಕೋಸ್ ಪುಡಿ, ಬೀಟ್ರೂಟ್ ಕ್ಯಾರೆಟ್ ಜ್ಯೂಸು ಕೂಡ ಆ 380ರಲ್ಲಿ ಸೇರಿರಬಹುದು, ಒಂದು ಸಲ ವಿಚಾರಿಸಿ.

ಹಾಗಾದರೆ ಯಾರ ಮಾತು ಅಂತಿಮ? ಕೀಮೋ ನಡೆಯುವ ಈ ಮೂರು ತಿಂಗಳು ಗಾಡಿ ಓಡಿಸುವವರು ಕ್ಯಾನ್ಸರ್ ಡಾಕ್ಟರು. ಯಾವ ಹೊಸ ಮಾತ್ರೆಯೂ ಅವರಿಗೆ ಗೊತ್ತಿಲ್ಲದೆ ಶುರುವಾಗಬಾರದು. ಆದರೆ ಸ್ಟೆಂಟಿನ ಮಾತ್ರೆಗೆ ಹಾರ್ಟ್ ಡಾಕ್ಟರು ಹೇಳದೆ ಅವರೂ ಕೈ ಹಾಕುವುದಿಲ್ಲ. ಬೆಂಗಳೂರಿನಲ್ಲಿ ಕ್ಯಾನ್ಸರ್‌ಗೆ ಕಿದ್ವಾಯಿ, ಹೃದಯಕ್ಕೆ ಜಯದೇವ ಅಂತ ದೊಡ್ಡ ಆಸ್ಪತ್ರೆಗಳೇ ಬೇರೆ ಬೇರೆ ಇವೆ. ಒಂದೊಂದು ಅಂಗಕ್ಕೆ ಒಂದೊಂದು ಕಟ್ಟಡ ಇರುವಾಗ ನಡುವಿನ ಸುದ್ದಿ ಹೊರುವವರು ಮನೆಯವರೇ. "ಒಪಿನಿಯನ್ ಕೊಡಿ" ಅಂತ ಬರೆದ ಚೀಟಿ ಹೊತ್ತುಕೊಂಡು ಹೋದರೆ "ಫಿಟ್" ಅಂತ ಒಂದು ಪದ ಬರೆದು ಕಳಿಸುತ್ತಾರೆ, ಅದರಿಂದ ಏನೂ ಉಪಯೋಗ ಇಲ್ಲ. ಪ್ರಶ್ನೆ ಬರೆದ ಚೀಟಿ ಬೇಕು. ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಎರಡೂ ಬೇಕಾ, ಇ.ಎಫ್. ಎಷ್ಟಕ್ಕೆ ಇಳಿದರೆ ನಿಮಗೆ ಕಳಿಸಬೇಕು, ಸ್ಟೀರಾಯ್ಡ್ ದಿನಕ್ಕೆ ಇನ್ಸುಲಿನ್ ಎಷ್ಟು ಅಂತ. ಕ್ಯಾನ್ಸರ್ ಡಾಕ್ಟರ ಕೈಯಲ್ಲಿ ಹಾಗೆ ಬರೆಸಿ. ಅವರಿಗೆ ಪುರುಸೊತ್ತಿಲ್ಲದಿದ್ದರೆ ನೀವೇ ಕನ್ನಡದಲ್ಲಿ ಬರೆದುಕೊಂಡು ಹೋಗಿ, ಉತ್ತರವನ್ನು ಅದೇ ಹಾಳೆಯ ಕೆಳಗೆ ಬರೆದುಕೊಡಿ ಅನ್ನಿ. ನನ್ನ ಮುಂದೆ ಯಾರಾದರೂ ಇಂಥ ಹಾಳೆ ಇಟ್ಟರೆ ನನಗೆ ಖುಷಿಯೇ, ಅರ್ಧ ಗಂಟೆಯ ಹುಡುಕಾಟ ಉಳಿಯುತ್ತದೆ.

ಮುಂದೆ ಬರುವುದನ್ನೂ ಈಗಲೇ ತಲೆಯಲ್ಲಿಟ್ಟುಕೊಳ್ಳಿ. ಕೀಮೋ ಆದ ಮೇಲೆ ಕರೆಂಟ್, ಅಂದರೆ ರೇಡಿಯೇಷನ್, ಕೊಡುತ್ತಾರೆ. ಎಡ ಭಾಗ, ಕೆಳಗೇ ಹೃದಯ. ಉಸಿರು ಎಳೆದು ಹಿಡಿದಾಗ ಹೃದಯ ಸ್ವಲ್ಪ ದೂರ ಸರಿಯುತ್ತದೆ, ಆ ಕ್ಷಣದಲ್ಲಿ ಮಾತ್ರ ಕರೆಂಟ್ ಬಿಡುವ ವಿಧಾನ ಇದೆ. ಸ್ಟೆಂಟ್ ಇರುವ ಅಮ್ಮನಿಗೆ ಅದು ಸಿಗುತ್ತದಾ ಅಂತ ಕೇಳಿ, ಮನೆಯಲ್ಲೇ 20 ಸೆಕೆಂಡು ಉಸಿರು ಹಿಡಿಯುವ ಅಭ್ಯಾಸ ಮಾಡಿಸಿ. ಆಮೇಲೆ ಕನಿಷ್ಠ ಐದು ವರ್ಷ ಹಾರ್ಮೋನ್ ಮಾತ್ರೆ, ಈ ವಯಸ್ಸಿಗೆ ಬಹುಶಃ ಲೆಟ್ರೊಜೋಲ್. ಅದು ಮೂಳೆ ಸವೆಸುತ್ತದೆ, ಕೀಲುನೋವು ತರುತ್ತದೆ, ಕೊಲೆಸ್ಟ್ರಾಲ್ ಏರಿಸಬಹುದು. ಮೊದಲೇ ಮಂಡಿನೋವು ಇರುವವರು "ಈ ಮಾತ್ರೆಯಿಂದಲೇ" ಅಂತ ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ಅದಕ್ಕೇ ಶುರು ಮಾಡುವ ಮೊದಲು ಮೂಳೆಯ ಡೆಕ್ಸಾ ಸ್ಕ್ಯಾನ್ ಮಾಡಿಸಿ, ಈಗಿರುವ ನೋವು ಎಷ್ಟು ಅಂತ ಬರೆದಿಡಿ. ಮೂಳೆಗೆ ಜೋಲೆಡ್ರೋನಿಕ್ ಇಂಜೆಕ್ಷನ್ ಕೊಡುವ ಮಾತು ಬಂದರೆ ಅದಕ್ಕಿಂತ ಮೊದಲು ಹಲ್ಲು ತೋರಿಸಿ, ಕೀಳಿಸುವ ಹಲ್ಲಿದ್ದರೆ ಮೊದಲೇ ಕೀಳಿಸಿ. ಇಂಜೆಕ್ಷನ್ ಆದ ಮೇಲೆ ಹಲ್ಲು ಕಿತ್ತರೆ ದವಡೆಯ ಗಾಯ ಒಣಗದೇ ಉಳಿಯುವ ಸಾಧ್ಯತೆ ಇದೆ.

ಬಳೆ. ಅಮ್ಮನಿಗೆ ತೆಗೆದಿರುವುದು ಎರಡೇ ಗ್ರಂಥಿ, ಕೈ ಊದುವ ಭಯ ತುಂಬ ಕಡಿಮೆ. ಕರೆಂಟ್ ಮುಗಿಯುವ ತನಕ ಬಿಪಿ ಪಟ್ಟಿ, ಸೂಜಿ ಬಲಗೈಗೇ ಇರಲಿ. ಗಾಯವಾದರೆ, ಕೈ ಕೆಂಪಗೆ ಬಿಸಿಯಾದರೆ ತೋರಿಸಿ. ಬಿಗಿ ಬಳೆ ಬೇಡ. ಸೋಪು ಹಚ್ಚದೆ ಸಲೀಸಾಗಿ ಹೋಗಿ ಬರುವ ಗಾಜಿನ ಬಳೆ ಹಾಕಿಕೊಳ್ಳಲಿ, ಡಾಕ್ಟರೇ ಹೇಳಿದ್ದಾರೆ ಅನ್ನಿ.